ಒಂದು ಅಂದ್ರೆ ಅಮೆರಿಕಾನೇ

ನಾಗರತ್ನಾ, ಜಮೈಕಾದ ಆ ನಂಬರು ಸತ್ತಿರಲಿಲ್ಲ. ಸತ್ತಿದೆ ಎಂದು ನಿನ್ನನ್ನು ನಂಬಿಸಿದವಳು ನಾನು. ಫೋನಿನೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದ್ದು ಒಂದು, ನಾನು ನಿನಗೆ ಕನ್ನಡದಲ್ಲಿ ಹೇಳಿದ್ದು ಇನ್ನೊಂದು. ಸರಿಯಾಗಿ ಕೇಳಿಸಲಿಲ್ಲ, ಅರ್ಥವಾಗಲಿಲ್ಲ ಎಂದು ಜಾರಿಕೊಳ್ಳಬಹುದು—ಇಷ್ಟು ವರ್ಷ ಒಳಗೊಳಗೇ ಹಾಗೆ ಜಾರಿಕೊಂಡೇ ಬಂದೆ. ಆದರೆ ನನಗೆ ಚೆನ್ನಾಗಿ ಕೇಳಿಸಿತ್ತು. ಚೆನ್ನಾಗಿ ಅರ್ಥವೂ ಆಗಿತ್ತು.

ನೀನು ಇವತ್ತಿಗೂ ಹತ್ತು ಜನರ ಮುಂದೆ ನನ್ನ ಕೈ ಹಿಡಿದುಕೊಂಡು, ಮಂಗಳಕ್ಕ ನನ್ನ ಕಷ್ಟಕ್ಕೆ ಆದವಳು ಎನ್ನುತ್ತೀಯ. ಹಾಗೆ ಅಂದಾಗಲೆಲ್ಲ ನಾನು ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಮಾತು ತೆಗೆಯುತ್ತೇನೆ. ಜನ ಅದನ್ನು ನನ್ನ ದೊಡ್ಡತನ ಎಂದುಕೊಳ್ಳುತ್ತಾರೆ. ಕಳೆದ ವಾರ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನೀನು ಆಡಿದ ಒಂದು ಮಾತು ಕೇಳಿದ ಮೇಲೆ—ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಅದೆಲ್ಲ ನನ್ನ ಕುರ್ಚಿಯಿಂದ ಹೇಗೆ ಕಾಣುತ್ತಿತ್ತು ಎನ್ನುವುದು ನಿನಗೆ ಗೊತ್ತಿಲ್ಲವಲ್ಲ.

ನಂಜನಗೂಡಿನ ಬಸ್ ಸ್ಟ್ಯಾಂಡಿನ ಎದುರು ಹಳದಿ ಬೋರ್ಡು ಹಾಕಿಕೊಂಡಿದ್ದ ಆ ಟೆಲಿಫೋನ್ ಬೂತು ನನಗೆ ಸಿಕ್ಕಿದ್ದು ಈ ಪೋಲಿಯೋ ಕಾಲಿನ ದೆಸೆಯಿಂದ. ಅಂಗವಿಕಲರ ಕೋಟಾ. ಕಾಲಿನಿಂದಾದ ಉಪಕಾರ ಅದೊಂದೇ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ತಂಗಿಯ ಮದುವೆ ನನಗಿಂತ ಮುಂಚೆ ಆಯಿತು. ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದು ಹೋದವರು. ಇದನ್ನು ಹೇಳುತ್ತಿರುವುದು ನಿನ್ನ ಕನಿಕರಕ್ಕಲ್ಲ. ಕಾಲು ಸೊಟ್ಟಗಿದ್ದವರೆಲ್ಲ ಇನ್ನೊಬ್ಬರ ಬಾಳಿಗೆ ಕೈಹಾಕುವುದಿಲ್ಲ. ನನಗಿಂತ ಕಷ್ಟದಲ್ಲಿದ್ದು ಬಂಗಾರದಂಥ ಮನಸ್ಸಿಟ್ಟುಕೊಂಡವರನ್ನು ನಾನೇ ನೋಡಿದ್ದೇನೆ.

ಆಗ ನಮ್ಮ ಕಡೆ ಹಳ್ಳಿಗಳಲ್ಲಿ ಫೋನೆಲ್ಲಿತ್ತು? ಯಾರಾದರೂ ಸತ್ತರೆ, ಹೆತ್ತರೆ, ದುಬೈಗೆ ಹೋದ ಅಳಿಯನ ಹತ್ತಿರ ಜಗಳವಾಡಬೇಕಾದರೆ, ಎಲ್ಲರೂ ನನ್ನ ಬೂತಿಗೇ ಬರಬೇಕು. ಮೇಜಿನ ಮೇಲಿನ ಫೋನಿನಲ್ಲಿ ನಾನು ನಂಬರು ಒತ್ತಿ, ಆ ಕಡೆ ಎತ್ತಿದ ಮೇಲೆ ಗಾಜಿನ ಕ್ಯಾಬಿನ್ನಿನೊಳಗಿದ್ದವರಿಗೆ ಕೈಸನ್ನೆ ಮಾಡಿ, ನನ್ನ ರಿಸೀವರ್ ಇಡುತ್ತಿದ್ದೆ. ಗಾಜಿನಾಚೆ ಅಳು, ನಗು, ಬೈಗುಳ. ಗಾಜಿನೀಚೆ ನಾನು ಮತ್ತು ಮೀಟರಿನ ಕೆಂಪು ಅಂಕಿ. ಎಲ್ಲರಿಗೂ ಎಲ್ಲಿಂದಲೋ ಯಾರೋ ಮಾತಾಡುತ್ತಿದ್ದರು. ನನಗೆಂದು ಯಾರೂ, ಒಂದು ದಿನಕ್ಕೂ, ಫೋನು ಮಾಡಿರಲಿಲ್ಲ. ಬಂದದ್ದೆಲ್ಲ ‘ದೇವನೂರಿನವರು ಯಾರಾದ್ರೂ ಅಲ್ಲಿದ್ರೆ ಕರೀರಿ’ ಎನ್ನುವ ಫೋನುಗಳೇ.

ದೇವನೂರಿನಿಂದ ನೀನು ಬರುತ್ತಿದ್ದದ್ದು ಸೋಮವಾರ. ದೇವರ ದರ್ಶನದ ನೆಪ. ಹಣೆಯಲ್ಲಿ ವಿಭೂತಿ, ಜಡೆಯಲ್ಲಿ ಕನಕಾಂಬರ, ಕೈಯಲ್ಲಿ ಪ್ರಸಾದದ ಬಾಳೆಹಣ್ಣು. ಅರ್ಧ ಹಣ್ಣು ನನಗೆ ಕೊಟ್ಟೇ ಕ್ಯಾಬಿನ್ನಿಗೆ ಹೋಗುತ್ತಿದ್ದೆ. ರಾಜಶೇಖರನ ಜೊತೆ ನಿನಗೆ ನಿಶ್ಚಿತಾರ್ಥವಾಗಿತ್ತು. ಅವನು ನಮ್ಮ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ, ಕಬ್ಬಿನ ಹಾಲು ಪಾಕಕ್ಕೆ ಬರುವ ಹದ ನೋಡುವ ಕೆಲಸದಲ್ಲಿದ್ದ. ಆ ಹದ ಬಲ್ಲವರನ್ನು ಕಬ್ಬು ಬೆಳೆಯುವ ದೇಶಗಳು ಎಲ್ಲಿದ್ದರೂ ಹುಡುಕಿ ಕರೆಸಿಕೊಳ್ಳುತ್ತವೆಯಂತೆ. ಹಾಗೆ ಕಾಂಟ್ರಾಕ್ಟಿನ ಮೇಲೆ ಜಮೈಕಾಕ್ಕೆ ಹೋದ. ಅಪ್ಪ ಅಮ್ಮ ಇಲ್ಲದವನು, ಪಾಂಡವಪುರದ ಕಡೆ ಅಕ್ಕನ ಮನೆಯಲ್ಲಿ ಬೆಳೆದವನು. ಆ ಅಕ್ಕನ ಗಂಡನಿಗೂ ನಿನ್ನ ಅಣ್ಣ ಮಾದಪ್ಪನಿಗೂ ಮೊದಲಿನಿಂದಲೇ ಅಷ್ಟಕ್ಕಷ್ಟೆ.

ಇಲ್ಲಿ ಸೋಮವಾರದ ಸಂಜೆಯಾದರೆ ಅಲ್ಲಿ ಸೋಮವಾರದ ಬೆಳಿಗ್ಗೆ. ಕೆಲಸಕ್ಕೆ ಹೋಗುವ ಮುಂಚೆ ಕಾರ್ಖಾನೆಯ ಪಕ್ಕದ ಅಂಗಡಿಯಲ್ಲಿ ನಿಂತು ಅವನು ನಿನ್ನ ಫೋನಿಗೆ ಕಾಯುತ್ತಿದ್ದ. ಆ ಅಂಗಡಿಯ ಫೋನಿನಿಂದ ಹೊರದೇಶಕ್ಕೆ ಮಾಡಲು ಆಗುತ್ತಿರಲಿಲ್ಲ. ಮಾಡಬೇಕಾದರೆ ಬಸ್ಸು ಹಿಡಿದು ಪೇಟೆಗೆ ಹೋಗಬೇಕು. ಆದ್ದರಿಂದ ನೀನೇ ಮಾಡಬೇಕು, ಅವನು ಕಾಯಬೇಕು—ನಿಮ್ಮಿಬ್ಬರ ಒಪ್ಪಂದ ಅದು. ನಡುವೆ ನಾನು.

ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನನಗೆ ಅವನು ಬೇಕಾಗಿರಲಿಲ್ಲ. ಅವನನ್ನು ನಾನು ಸರಿಯಾಗಿ ಮುಖವೆತ್ತಿ ನೋಡಿದ್ದೂ ಇಲ್ಲ. ನನಗೆ ಬೇಕಾಗಿದ್ದದ್ದು ಆ ಫೋನು. ನೀನು ಆ ಕ್ಯಾಬಿನ್ನಿನಲ್ಲಿ ಗೋಡೆಗೆ ಒರಗಿ, ವೈರನ್ನು ಬೆರಳಿಗೆ ಸುತ್ತಿಕೊಂಡು ನಗುತ್ತಿದ್ದೆಯಲ್ಲ, ಆ ನಗು. ಹೊರಗಿನ ಬೆಂಚಿನಲ್ಲಿ ಕೂತವರೂ ಏನೆಂದು ಗೊತ್ತಿಲ್ಲದೆ ನಕ್ಕುಬಿಡುತ್ತಿದ್ದರು. ನಾನು ನಗುತ್ತಿರಲಿಲ್ಲ. ಮೀಟರು ನೋಡುತ್ತಿದ್ದೆ. ಪ್ರಪಂಚದ ಆಚೆ ತುದಿಯಲ್ಲಿ ಒಬ್ಬ ಗಂಡಸು ಹಲ್ಲುಜ್ಜಿ, ತಲೆ ಬಾಚಿ, ಅಂಗಡಿಯ ಮುಂದೆ ನಿಂತು ಇವಳಿಗಾಗಿ ಕಾಯುತ್ತಾನೆ—ಇವಳಲ್ಲಿ ಏನಿದೆ? ಏಳನೇ ಕ್ಲಾಸು. ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆಯಲು ಬಾರದು. ನಾನು ಪಿಯುಸಿ ಪಾಸು... ಹೀಗೆ ಎಣಿಸುತ್ತ ಕೂರುತ್ತಿದ್ದೆ. ನೀನು ಕೊಟ್ಟ ಅರ್ಧ ಬಾಳೆಹಣ್ಣು ಮೇಜಿನ ಮೇಲೇ ಇರುತ್ತಿತ್ತು. ಹೊಟ್ಟೆಕಿಚ್ಚು ಎನ್ನುವುದು ನಿಜವಾಗಿ ಹೊಟ್ಟೆಯಲ್ಲೇ ಹುಟ್ಟುತ್ತದೆ ಎಂದು ಆ ಸೋಮವಾರಗಳಲ್ಲಿ ತಿಳಿದುಕೊಂಡೆ.

ಈಗ ನಂಬರಿನ ವಿಷಯ. ಇದನ್ನು ನಿನಗೆ ಆಗಲೇ ಹೇಳಬೇಕಾಗಿತ್ತು.

ಟೆಲಿಫೋನ್ ಆಫೀಸಿನಲ್ಲಿ ಒಬ್ಬರು ಇಂಜಿನಿಯರ್ ಇದ್ದರು. ಬಿಲ್ಲು ಕಟ್ಟಲು ಹೋದಾಗ ನಾನು ಏನಾದರೂ ಕೇಳುತ್ತಿದ್ದೆ, ಅವರು ಸಂತೋಷದಿಂದ ಹೇಳುತ್ತಿದ್ದರು. ನಂಜನಗೂಡಿಗೆ ಒಂದು ಕೋಡು, ನರಸೀಪುರಕ್ಕೆ ಇನ್ನೊಂದು, ಎಲ್ಲ ಸೇರಿ ಭಾರತಕ್ಕೆ ತೊಂಬತ್ತೊಂದು—ಇಷ್ಟು ನನಗೂ ಗೊತ್ತಿತ್ತು. ಅದರಾಚೆಯದನ್ನು ಅವರೇ ಬಿಡಿಸಿ ಹೇಳಿದರು. ಇಡೀ ಪ್ರಪಂಚಕ್ಕೆ ನಂಬರು ಹಂಚುವ ಒಂದು ದೊಡ್ಡ ಸಂಸ್ಥೆ ಇದೆಯಂತೆ. ಅದು ಭೂಮಿಯನ್ನು ಒಂದರಿಂದ ಒಂಬತ್ತರವರೆಗೆ ಪಾಲು ಮಾಡಿದೆ. ಎರಡರಿಂದ ಶುರುವಾದರೆ ಹೆಚ್ಚುಪಾಲು ಆಫ್ರಿಕಾ, ಮೂರು ನಾಲ್ಕು ಯುರೋಪು, ನಾವು ಒಂಬತ್ತರ ಪಾಲಿನವರು. ಸಾಮಾನ್ಯವಾಗಿ ದೇಶಕ್ಕೊಂದು ನಂಬರು. ಆದರೆ ಒಂದು ಎನ್ನುವ ನಂಬರು ಮಾತ್ರ ಒಂದೇ ದೇಶದ್ದಲ್ಲ. ಜನ ಅಮೆರಿಕದ್ದು ಅಂದುಕೊಂಡಿದ್ದಾರೆ. ಅಮೆರಿಕ, ಕೆನಡಾ, ಆ ಕಡಲಿನ ಎಷ್ಟೋ ಸಣ್ಣ ದ್ವೀಪಗಳು, ಎಲ್ಲವೂ ಆ ಒಂದರೊಳಗೇ, ಒಟ್ಟು ಕುಟುಂಬದ ಹಾಗೆ. ಯಾವ ದೇಶ ಎಂದು ತಿಳಿಯಬೇಕಾದರೆ ಒಂದರ ಮುಂದಿನ ಮೂರು ಅಂಕಿ ನೋಡಬೇಕು. ಆ ಮೂರಂಕಿಗಳನ್ನು ಯಾರಿಗೆ ಯಾವುದು ಎಂದು ಕೊಡುವುದಕ್ಕೇ ಅಲ್ಲಿ ಬೇರೆ ಕಚೇರಿ ಇದೆ.

ದ್ವೀಪಗಳಿಗೆಲ್ಲ ಬಹಳ ಕಾಲ ಒಂದೇ ಮೂರಂಕಿ ಇತ್ತು—ಎಂಟು ಸೊನ್ನೆ ಒಂಬತ್ತು. ಫೋನು ಹೆಚ್ಚಿದ ಮೇಲೆ ನಂಬರು ಸಾಲದೆ, ದ್ವೀಪಕ್ಕೊಂದರಂತೆ ಬೇರೆ ಬೇರೆ ಕೊಟ್ಟರು. ಕೆಲವು ತಿಂಗಳು ಹಳೆಯದೂ ನಡೆಯುತ್ತದೆ, ಹೊಸದೂ ನಡೆಯುತ್ತದೆ, ಆಮೇಲೆ ಹಳೆಯದು ನಿಂತುಹೋಗುತ್ತದೆ. ದ್ವೀಪದ ಒಳಗಿನವರಿಗೆ ಇದರ ಬಿಸಿ ತಟ್ಟುವುದಿಲ್ಲ, ಅವರವರ ನಡುವೆ ಎಂದಿನ ನಂಬರೇ. ಹೊರಗಿನಿಂದ ಮಾಡುವವರು ಮಾತ್ರ ಆ ಮೂರಂಕಿ ಬದಲಾಯಿಸಿಕೊಳ್ಳಬೇಕು. ಇಂಜಿನಿಯರು ಹೀಗೆಲ್ಲ ಹೇಳಿ, ‘ನಿಮ್ಮಲ್ಲಿ ಆ ಕಡೆಗೆ ಮಾಡೋ ಗಿರಾಕಿ ಯಾರಾದ್ರೂ ಇದ್ರೆ ತಿಳಿಸಿಬಿಡೀಮ್ಮ’ ಎಂದರು.

ನನ್ನಲ್ಲಿದ್ದ ಗಿರಾಕಿ ನೀನೊಬ್ಬಳೇ. ಮುಂದಿನ ಸೋಮವಾರವೇ ಹೇಳಬಹುದಾಗಿತ್ತು. ಹೇಳಲಿಲ್ಲ. ಮರೆತೆ ಎಂದು ಬರೆದು ಮುಗಿಸಬಹುದು... ಮರೆಯಲಿಲ್ಲ. ಇವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎನ್ನುವ ಸುಖ ಇನ್ನೊಂದು ವಾರ ಇರಲಿ ಎನ್ನಿಸಿತು. ಆ ಒಂದು ವಾರ ಇನ್ನೊಂದು ವಾರವಾಯಿತು.

ಕಾರ್ತಿಕದ ಒಂದು ಸೋಮವಾರ ನೀನು ಅವನ ಜೊತೆ ಜಗಳವಾಡಿದೆ. ಕಾರ್ಖಾನೆಯವರು ಕಾಂಟ್ರಾಕ್ಟು ಮುಂದುವರಿಸಲು ಕೇಳಿದ್ದಾರೆ ಎಂದು ಅವನು ಹೇಳಿದ್ದಕ್ಕೆ, ಕ್ಯಾಬಿನ್ನಿನ ಗಾಜು ಅದುರುವ ಹಾಗೆ ಬೈದೆ. ಬೈದು ಮುಗಿಸಿ ನೀನೇ ನಕ್ಕೆ. ಹೊರಗೆ ಬಂದಾಗ ನಿನ್ನ ಕಣ್ಣಿನಲ್ಲಿ ನೀರಿತ್ತು, ಬಾಯಿ ಇನ್ನೂ ನಗುತ್ತಿತ್ತು. ಬೈಯುವುದಕ್ಕೂ ಒಬ್ಬರು ಬೇಕಲ್ಲ, ನನಗೆ ಬೈಯಲೂ ಯಾರಿಲ್ಲ ಎಂದು ಆವತ್ತು ಇಡೀ ಸಂಜೆ ಕುದಿದೆ.

ಅದರ ಮುಂದಿನ ಸೋಮವಾರ ನಾನು ಎಂದಿನ ಹಾಗೆ ಒತ್ತಿದೆ. ಆ ಕಡೆ ಅಂಗಡಿಯವನ ಬದಲು ಒಬ್ಬ ಹೆಂಗಸಿನ ರೆಕಾರ್ಡು ಮಾಡಿದ ಧ್ವನಿ ಬಂತು. ನೀವು ಮಾಡುತ್ತಿರುವ ಸ್ಥಳದ ಕೋಡು ಬದಲಾಗಿದೆ, ಇನ್ನು ಮುಂದೆ ಎಂಟು ಏಳು ಆರು ಸೇರಿಸಿ ಮಾಡಿ—ಇಷ್ಟೇ. ಎರಡು ಸಲ ನಿಧಾನವಾಗಿ ಹೇಳಿದಳು. ಕ್ಯಾಬಿನ್ನಿನಲ್ಲಿ ನೀನೂ ಕಿವಿಗೆ ಹಿಡಿದುಕೊಂಡು ಅದನ್ನೇ ಕೇಳುತ್ತಿದ್ದೆ. ಬಾಗಿಲು ತೆರೆದು, ‘ಅಕ್ಕ, ಯಾವಳೋ ಎತ್ತಿದಾಳೆ. ಏನಂತಾಳೆ?’ ಎಂದೆ.

‘ಈ ನಂಬರು ಈಗ ಇಲ್ಲ ಅಂತಾಳೆ ಕಣೆ.’

ಇದು ನಾನು ಹೇಳಿದ್ದು. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂತು. ಬಂದ ಮೇಲೆ ವಾಪಸು ತೆಗೆದುಕೊಳ್ಳಲು ಬೇಕಾದಷ್ಟು ಸಮಯವಿತ್ತು. ನೀನು ಇನ್ನೊಂದು ಸಲ ಮಾಡು ಎಂದೆ, ನಾನು ಮಾಡಿದೆ. ಮತ್ತೊಂದು ಸಲ ಅಂದೆ, ಅದನ್ನೂ ಮಾಡಿದೆ—ಅದೇ ಹಳೆಯ ಮೂರಂಕಿ ಒತ್ತಿ. ನಿನ್ನ ಮುಖ ಸಣ್ಣಗಾಗುತ್ತಿದ್ದದ್ದನ್ನು ನೋಡುತ್ತಲೇ ಒತ್ತಿದೆ. ‘ನಂಬರ್ ಬದ್ಲಾಯ್ಸ್ಕೊಂಡ್ರಾ ಅಕ್ಕ? ನಂಗ್ ಹೇಳ್ದೆನೇ?’ ಎಂದು ನೀನು ಕೇಳಿದೆ. ನನಗೇನು ಗೊತ್ತು ಎಂದು ನಾನು ಹೆಗಲು ಕುಣಿಸಿದೆ. ಹೊಸ ಮೂರಂಕಿ ನನ್ನ ನಾಲಗೆಯ ಮೇಲೇ ಇತ್ತು. ಒಂದೇ ಉಸಿರಿನಲ್ಲಿ ಹೇಳಬಹುದಾದಷ್ಟು ಸಣ್ಣದು.

ಅಂಗಡಿಯ ಮುಂದೆ ಅವನು ನಿಂತಿದ್ದಾನೆ ಎಂದು ನನಗೆ ಗೊತ್ತಿತ್ತು. ನೀನು ಕೊನೆಯ ಬಸ್ಸು ಹತ್ತಿದ ಮೇಲೆ ಅದನ್ನೇ ಯೋಚಿಸಿದೆ. ಯೋಚಿಸಿ, ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷಪಟ್ಟೆ. ಇವತ್ತು ಇಬ್ಬರಿಗೂ ಫೋನಿಲ್ಲ. ಇವತ್ತು ಎಲ್ಲರೂ ನನ್ನ ಹಾಗೆ.

ಬರುವ ಸೋಮವಾರ ಹೇಳಿದರಾಯಿತು, ಒಂದು ವಾರ ಒದ್ದಾಡಲಿ ಎಂದುಕೊಂಡಿದ್ದೆ. ಆದರೆ ಬರುವ ಸೋಮವಾರ ನೀನು ಬರಲಿಲ್ಲ, ಮಾದಪ್ಪಣ್ಣ ಬಂದರು. ಕೈಯಲ್ಲಿ ನಮ್ಮ ಬೂತಿನ ಹಳೆಯ ಬಿಲ್ಲಿನ ಚೀಟಿ. ನಮ್ಮ ಮಿಷಿನ್ನು ಒಂದರಿಂದ ಶುರುವಾಗುವ ನಂಬರಿಗೆಲ್ಲ ಅಮೆರಿಕದ ಹೆಸರನ್ನೇ ಒತ್ತುತ್ತಿತ್ತು. ಅದಕ್ಕೆ ಅಷ್ಟೇ ಗೊತ್ತಿದ್ದದ್ದು. ಊರಿನಲ್ಲಿ ಯಾರೋ ಇಂಗ್ಲಿಷು ಬಲ್ಲವರು ಆ ಚೀಟಿ ಓದಿ, ನಿಮ್ಮ ಭಾವಮೈದುನ ಆಗುವವನು ಜಮೈಕಾದಲ್ಲಿಲ್ಲ, ಅಮೆರಿಕದಲ್ಲಿದ್ದಾನೆ ಎಂದು ಹೇಳಿದ್ದರು. ಇತ್ತ ನೀನು ನಂಬರು ಬದಲಾಗಿದೆ ಎಂದು ಅತ್ತುಕೊಂಡು ಕೂತಿದ್ದೆ. ಎರಡೂ ಸೇರಿ ನಿನ್ನ ಅಣ್ಣನ ತಲೆ ಕೆಟ್ಟುಹೋಗಿತ್ತು. ಒರಟು ಮನುಷ್ಯ, ಆದರೆ ನ್ಯಾಯವಂತ. ಗೊತ್ತಿರುವವರನ್ನು ಕೇಳಿಯೇ ಮುಂದುವರಿಯಬೇಕು ಎಂದು ಕೆಲಸ ಬಿಟ್ಟು ನನ್ನ ಹತ್ತಿರ ಬಂದಿದ್ದರು.

‘ಮಂಗಳಮ್ನೋರೆ, ನೀವು ಓದ್ದೋರು, ದಿನಾ ಇದೇ ಕೆಲ್ಸ ಮಾಡೋರು. ನಿಜ ಏಳಿ. ಒಂದು ಅಂದ್ರೆ ಯಾವ್ ದೇಸ?’

ನಾನು ಅವರ ಮುಖ ನೋಡಿದೆ. ಇಂಜಿನಿಯರು ಹೇಳಿಕೊಟ್ಟ ಅಷ್ಟೂ ವಿಷಯ, ಪಾಲು, ದ್ವೀಪ, ಮೂರಂಕಿ, ನನ್ನ ತಲೆಯಲ್ಲಿ ಸಾಲಾಗಿ ನಿಂತಿತ್ತು. ಬೇರೆ ಯಾರಾದರೂ ಕೇಳಿದ್ದರೆ ಜಂಬದಿಂದ ಅರ್ಧ ಗಂಟೆ ಹೇಳುತ್ತಿದ್ದೆ.

‘ಒಂದು ಅಂದ್ರೆ ಅಮೆರಿಕಾನೇ, ಮಾದಪ್ಪಣ್ಣ.’

ಅವರು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ‘ಆಯ್ತು ಬುಡಿ. ಸುಳ್ಳೇಳಿ ಅಲ್ಲಿಗೋದೋನ್ಗೆ ನಮ್ ಮಗಿನ ಕೊಡಕಾಯ್ತದಾ’ ಎಂದು ಎದ್ದು ಹೋದರು. ಕಾಫಿ ತರಿಸುತ್ತೇನೆ ಎಂದದ್ದಕ್ಕೂ ನಿಲ್ಲಲಿಲ್ಲ. ಇಂಗ್ಲಿಷಿನ ಧ್ವನಿ ಹೇಳಿದ್ದನ್ನು ಮುಚ್ಚಿಟ್ಟದ್ದು ಒಂದು ಗಳಿಗೆಯ ಕೆಡುಕು ಎಂದು ಬೇಕಾದರೆ ಇಟ್ಟುಕೊಳ್ಳೋಣ. ಇದು ಹಾಗಲ್ಲ. ಇದು ಗೊತ್ತಿದ್ದೂ ಗೊತ್ತಿದ್ದೂ ಆಡಿದ ಮಾತು. ಒಬ್ಬ ನಿಯತ್ತಿನ ಗಂಡಸಿಗೆ ಸುಳ್ಳುಗಾರ ಎನ್ನುವ ಹೆಸರನ್ನು, ಕುರ್ಚಿಯಿಂದ ಏಳದೆ, ನಾನು ಕೊಟ್ಟೆ.

ಇದಾದ ಮೇಲೆ ನಡೆದದ್ದಂತೂ ನಿನಗೆ ಊಹೆಗೂ ನಿಲುಕದ್ದು.

ಅವನು ಫೋನು ಮಾಡಿದ.

ಆ ನಿಶ್ಚಿತಾರ್ಥ ಮುರಿದು, ನಿನ್ನನ್ನು ನರಸೀಪುರದ ಹತ್ತಿರದ ಹೆಮ್ಮಿಗೆಗೆ ಕೊಡುವ ಮಾತು ಆಗ ಎದ್ದಿತ್ತು, ಗಟ್ಟಿಯಾಗಿರಲಿಲ್ಲ. ಅವನು ಬಸ್ಸು ಹಿಡಿದು ಪೇಟೆಗೆ ಹೋಗಿ, ಅಲ್ಲಿಂದ ನನ್ನ ಬೂತಿಗೆ ಮಾಡಿದ್ದ. ಎತ್ತಿದ ಕೂಡಲೇ ‘ಮಂಗಳಮ್ನೋರಾ?’ ಎಂದ. ನನ್ನ ಹೆಸರು! ಸಮುದ್ರ ದಾಟಿ ಬಂದ ಫೋನಿನಲ್ಲಿ ಮೊದಲ ಮಾತಾಗಿ ನನ್ನ ಹೆಸರು. ಅವನಿಗೆ ಆಗಷ್ಟೇ ಅಂಗಡಿಯವನಿಂದ ತಿಳಿದಿತ್ತಂತೆ, ಹೊರಗಿನಿಂದ ಮಾಡುವವರಿಗೆ ಕೋಡು ಬದಲಾಗಿದೆ ಎಂದು. ಮೂರು ಸೋಮವಾರ ಕಾದು, ನಾಗರತ್ನಾಗೆ ಏನಾಯಿತೋ ಎಂದು ಹೆದರಿಕೊಂಡಿದ್ದ. ಹೊಸ ಮೂರಂಕಿ ಬಿಡಿಸಿ ಬಿಡಿಸಿ ಹೇಳಿದ. ಗೊತ್ತಿಲ್ಲದವಳ ಹಾಗೆ ಹೂಂಗುಟ್ಟಿದೆ. ಕಾಗದ ಬರೆದರೆ ಒಂದೂವರೆ ತಿಂಗಳಾಗುತ್ತದೆ, ನೀವೇ ಹೇಳಿಬಿಡಿ, ನಿಮ್ಮನ್ನು ಬಿಟ್ಟರೆ ನನಗೆ ಅಲ್ಲಿ ಬೇರೆ ದಾರಿಯಿಲ್ಲ ಎಂದ. ನಿನಗೆ ತಲುಪಿಸಲು ಒಂದು ಮಾತನ್ನೂ ಹೇಳಿದ.

ಹೇಳುತ್ತೇನೆ ಎಂದೆ. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ನಾನು ಫೋನು ಬಿಡಲಿಲ್ಲ, ನಾಗರತ್ನಾ. ಅಲ್ಲಿ ಊಟ ಹೇಗೆ ಎಂದು ಕೇಳಿದೆ. ಕಡಲು ಹತ್ತಿರವೇ ಎಂದು ಕೇಳಿದೆ. ಪಾಪ, ನಿನ್ನ ಸುದ್ದಿ ತಲುಪಿಸುವವಳು ಎಂಬ ಮರ್ಯಾದೆಗೆ ಅವನು ಎಲ್ಲಕ್ಕೂ ಉತ್ತರ ಕೊಟ್ಟ. ಕಬ್ಬು ನಮ್ಮದೇ, ಬೆಲ್ಲದ ವಾಸನೆಯೂ ನಮ್ಮದೇ, ಮನುಷ್ಯರ ಮಾತು ಮಾತ್ರ ತಿಳಿಯಲು ತಡ ಎಂದ. ಅದಕ್ಕೆ ನಾನು ನಕ್ಕೆ. ವೈರನ್ನು ಬೆರಳಿಗೆ ಸುತ್ತಿಕೊಂಡು, ಗೋಡೆಗೆ ಒರಗಿಕೊಂಡು, ನಿನ್ನ ಹಾಗೆ ನಗಲು ನೋಡಿದೆ. ಅವನು ಸುಮ್ಮನಾದ. ಆ ಕಡೆ ಯಾರಿದ್ದಾರೆಂದು ಅವನು ಮರೆತಿರಲಿಲ್ಲ, ನಾನು ಮರೆತಿದ್ದೆ. ‘ಸರಿ, ಅವಳಿಗೆ ಹೇಳಿ’ ಎಂದು ಇಟ್ಟುಬಿಟ್ಟ.

ಆ ಸುಮ್ಮನಾದದ್ದು ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ದೇವನೂರಿನ ಬಸ್ಸು ನನ್ನ ಬಾಗಿಲ ಮುಂದೆಯೇ ನಿಲ್ಲುತ್ತದೆ, ಕಂಡಕ್ಟರಿಗೆ ಒಂದು ಮಾತು ಹೇಳಿದ್ದರೆ ಗಂಟೆಯೊಳಗೆ ನೀನು ಬಂದು ನಿಂತಿರುತ್ತಿದ್ದೆ. ಬಸ್ಸು ಬಂತು, ಹೋಯಿತು. ಮಾರನೆಯ ದಿನವೂ ಬಂತು, ಹೋಯಿತು. ನಿನ್ನ ಮಾತು ಹೆಮ್ಮಿಗೆಯಲ್ಲಿ ಗಟ್ಟಿಯಾಯಿತು. ಸಂಕ್ರಾಂತಿ ಕಳೆದ ಮೇಲೆ ಮದುವೆ. ನಾನು ರೇಷ್ಮೆ ಸೀರೆ ಉಟ್ಟು ಬಂದು ಅಕ್ಷತೆ ಹಾಕಿದೆ. ಧಾರೆ ಮುಗಿದ ಮೇಲೆ ನೀನು ನನ್ನ ಹೆಗಲ ಮೇಲೆ ಮುಖವಿಟ್ಟು ಅತ್ತೆ. ನಿನ್ನ ಬೆನ್ನು ಸವರಿದ ಕೈ ಇದೇ.

ಮದುವೆಯಾದ ಮೇಲೆ ಅವನು ಮತ್ತೆ ಒಂದು ಸಲ ಮಾಡಿದ. ಈ ಸಲ ನಾನು ಸುಳ್ಳು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅವರಿಗೆ ಮದುವೆ ಆಯಿತು ಎಂದೆ. ‘ನಾನು ಹೇಳಿದ್ದನ್ನ ಹೇಳಿದ್ರಾ?’ ಎಂದು ಕೇಳಿದ. ಹೇಳಿದೆ ಎಂದೆ—ನೋಡು, ಅಲ್ಲೂ ಸುಳ್ಳು ಬಂತು, ಬರೆಯುವಾಗಲೇ ನೆನಪಾಯಿತು. ಆಮೇಲೆ ‘ಅವರು ಚೆನ್ನಾಗಿರಲಿ’ ಎಂದ. ಅವಳು ಹೋಗಿ ಅವರು ಆಗಿತ್ತು. ಮತ್ತೆ ಅವನ ಫೋನು ಬರಲಿಲ್ಲ. ಎಲ್ಲಿದ್ದಾನೋ, ಹೇಗಿದ್ದಾನೋ ನನಗೆ ಗೊತ್ತಿಲ್ಲ.

ನಿನ್ನ ಗಂಡ ಒಳ್ಳೆಯವರು. ಗದ್ದೆ, ಹಸು, ಮಗಳು—ಎಲ್ಲ ಸರಿಯಾಗಿದೆ. ಅದನ್ನೇ ಇಟ್ಟುಕೊಂಡು ನಾನು ಇಷ್ಟು ವರ್ಷ ಸಮಾಧಾನ ಮಾಡಿಕೊಂಡೆ. ನನ್ನಿಂದ ಅವಳಿಗೆ ಕೆಟ್ಟದ್ದೇನೂ ಆಗಲಿಲ್ಲ, ಊರ ಹತ್ತಿರವೇ ನೆಲೆಯಾದಳು, ಬೇಕಾದರೆ ಒಳ್ಳೆಯದೇ ಆಯಿತು ಅನ್ನಬೇಕು... ಇಂಥ ಮಾತು ಎಷ್ಟು ಬೇಕಾದರೂ ಹುಟ್ಟುತ್ತವೆ. ನೀನು ವರ್ಷಕ್ಕೊಮ್ಮೆ ಸಿಕ್ಕಾಗ ಮೆತ್ತಗೆ ಮಾತಾಡುತ್ತಿದ್ದೆ. ಮದುವೆಯಾದ ಮೇಲೆ ಗಂಭೀರವಾಗಿದ್ದಾಳೆ ಎಂದುಕೊಂಡೆ. ಆ ನಗು ಹೋದದ್ದನ್ನು ನಾನು ಗಮನಿಸಲಿಲ್ಲ ಎಂದರೆ ಅದೂ ಸುಳ್ಳು. ಗಮನಿಸಿದ್ದೆ. ಮೊದಮೊದಲು ನೆಮ್ಮದಿಯಾಗಿತ್ತು ಕೂಡ.

ಈಗ ಎಲ್ಲರ ಕೈಯಲ್ಲೂ ಮೊಬೈಲು ಬಂತು. ಬೂತಿಗೆ ಬರುವವರು ಯಾರೂ ಇಲ್ಲದೆ ಹೋದ ತಿಂಗಳು ಮುಚ್ಚಿದೆ. ತಂಗಿಯ ಮನೆಗೆ ಎಂದು ನರಸೀಪುರಕ್ಕೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ನೀವಿಬ್ಬರು ಸಿಕ್ಕಿದಿರಿ. ನಿನ್ನ ಮಗಳು ಅವಳಪ್ಪನ ಜೊತೆ ನಿನ್ನ ಮೊಬೈಲಿನಲ್ಲಿ ಮಾತಾಡುತ್ತಿದ್ದಳು. ಬರುವಾಗ ಏನೋ ತಂದುಕೊಡದಿದ್ದರೆ ಮನೆಗೇ ಬರಬೇಡ ಎಂದು ಅಪ್ಪನನ್ನು ಗದರಿಸಿ, ಗಟ್ಟಿಯಾಗಿ ನಕ್ಕಳು. ಅದೇ ನಗು, ನಾಗರತ್ನಾ. ಹುಟ್ಟಿನಿಂದಲೇ ಬಂದದ್ದು. ನೀನು ಅವಳ ಕೈಯಿಂದ ಫೋನು ಕಿತ್ತುಕೊಂಡು ರಟ್ಟೆ ಹಿಡಿದು ಅಂದೆ—

‘ಫೋನ್ನಲ್ಲಿ ಅಂಗೆಲ್ಲ ಅನ್ಬಾರ್ದ್ ಕಣೆ. ಒಂದ್ ಮಾತು ಎಚ್ಚುಕಮ್ಮಿ ಆದ್ರೆ ಬಿಟ್ಟೋದೋರು ತಿರ್ಗಿ ಬರಾಕಿಲ್ಲ.’

ಮಗು ಬೆಪ್ಪಾಗಿ ನಿನ್ನ ಮುಖ ನೋಡಿತು. ಅವಳನ್ನು ನೀರು ಕುಡಿಯಲು ಕಳಿಸಿ, ನೀನು ನನ್ನ ಹತ್ತಿರ ಕೂತು, ಯಾರಿಗೂ ಹೇಳದ್ದನ್ನು ನನಗೆ ಹೇಳಿದೆ. ಆ ಕೊನೆಯ ಸೋಮವಾರ ಅವನಿಗೆ ಏನೆಂದು ಬೈದಿದ್ದೆ ಎನ್ನುವುದನ್ನು. ‘ಆ ಕಡಲ್ನೇ ಮದ್ವೆ ಮಾಡ್ಕಳಿ, ಶಿವರಾತ್ರಿಗೆ ಬರ್ನಿಲ್ಲ ಅಂದ್ರೆ ಫೋನೂ ಬ್ಯಾಡ, ನೀವೂ ಬ್ಯಾಡ’ ಎಂದು. ಅದರಿಂದಲೇ ಅವನು ಬೇಸರಪಟ್ಟು ನಂಬರು ಬದಲಾಯಿಸಿಕೊಂಡ, ನನ್ನ ಬಾಯೇ ನನ್ನನ್ನು ಕೆಡಿಸಿತು, ಅಂದಿನಿಂದ ಗಂಡನ ಹತ್ತಿರವೂ ಒಂದೊಂದು ಮಾತನ್ನೂ ಅಳೆದು ಆಡುತ್ತೇನೆ ಎಂದೆ. ಇಷ್ಟು ವರ್ಷ, ನೀನು ನಿನ್ನ ಬಾಯಿಯನ್ನು ಶಿಕ್ಷಿಸಿಕೊಂಡು ಬದುಕಿದ್ದೀಯ. ನಾನು ಪಕ್ಕದಲ್ಲಿ ಕೂತು ‘ಹೋಗ್ಲಿ ಬಿಡು’ ಎಂದೆ. ಮಗಳು ನೀರು ಕುಡಿದು ಬಂದಳು, ನಿಮ್ಮ ಬಸ್ಸು ಬಂತು.

ಇದನ್ನು ನಿನಗೆ ಹೇಳುವುದು ಸರಿಯೋ ತಪ್ಪೋ ಎಂದು ವಾರವೆಲ್ಲ ಒದ್ದಾಡಿದೆ. ನೆಮ್ಮದಿಯ ಸಂಸಾರಕ್ಕೆ ಕಲ್ಲು ಹಾಕುವುದಾಗುತ್ತದೆಯೋ, ನನ್ನ ಎದೆಯ ಭಾರ ಇಳಿಸಿಕೊಳ್ಳಲು ನಿನ್ನ ತಲೆಯ ಮೇಲೆ ಹೊರಿಸುತ್ತಿದ್ದೇನೋ... ಇರಬಹುದು. ಆದರೆ ಆ ಹುಡುಗಿ ನಗುವುದಕ್ಕೆ ಮುಂಚೆ ನಿನ್ನ ಮುಖ ನೋಡುತ್ತಾಳೆ ಈಗ. ನೀವು ಬಸ್ಸು ಹತ್ತುವಾಗ ಅದನ್ನು ನಾನು ಕಣ್ಣಾರೆ ಕಂಡೆ. ಸೋಮವಾರ ಹೆಮ್ಮಿಗೆಗೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಜಗುಲಿಯ ಮೇಲೆ ಕೂತಿರುತ್ತೇನೆ. ಎದ್ದು ಹೋಗು ಎಂದರೆ ಹೋಗುತ್ತೇನೆ. ಬಾಗಿಲು ಹಾಕಿಕೊಂಡರೆ ಅದೂ ಸರಿ. ಕ್ಷಮಿಸು ಎಂದು ಕೇಳುವುದಿಲ್ಲ.

ಅವನು ನಿನಗೆ ತಲುಪಿಸಲು ನನ್ನ ಕೈಯಲ್ಲಿ ಕೊಟ್ಟ ಮಾತು ಇನ್ನೂ ನನ್ನಲ್ಲೇ ಉಳಿದಿದೆ. ಅದರ ಒಂದಕ್ಷರವನ್ನೂ ನಾನು ಮರೆತಿಲ್ಲ. ಅವನು ಹೇಳಿದ್ದು ಹೀಗೆ:

‘ಅವಳು ಬೈದಿದ್ದು ಸರಿಯಾಗೇ ಇತ್ತು ಅಂತ ಹೇಳಿ. ಕಾಂಟ್ರಾಕ್ಟು ಬೇಡ ಅಂತ ಮಾರನೇ ದಿನಾನೇ ಹೇಳ್ಬಿಟ್ಟೆ. ಶಿವರಾತ್ರಿಗೆ ಬರ್ತೀನಿ. ಅಲ್ಲಿವರೆಗೂ ಹಿಂಗೇ ಬೈತಾ ಇರು ಅಂತ ಹೇಳಿ—ಅವಳು ಬೈದು ನಗ್ತಾಳಲ್ಲ, ಆಗ ನನಗೆ ಮನೇಲೇ ಇದೀನಿ ಅನ್ಸುತ್ತೆ.’